ಒಂದಾಣೆ ಸೆಸ್ಸಿನಿಂದ ಖಾಲಿ ಕುರ್ಚಿವರೆಗೆ: ನಮ್ಮ ದುಡ್ಡಿನ ಲೆಕ್ಕ ಕೇಳೋರು ಯಾರು?

ಮೂರು ದಿನದಿಂದ ಜಡಿ ಮಳೆ. ರಾಗಿ ಹೊಲಕ್ಕೆ ಕುಂಟೆ ಹಾಯಿಸೋ ಹಾಗಿಲ್ಲ, ಕಾಲಿಟ್ಟರೆ ಕೆಸರು. ಹೇಗೂ ಕೂತಿದ್ದೀನಿ, ಬಾಕಿ ಇದ್ದ ಒಂದು ವಿಷಯ ಬರೆದುಬಿಡೋಣ ಅನ್ನಿಸ್ತು.

ಹೋದ ವಾರ ಇಲವಾಲದ ಕಡೆ ಟೀ ಅಂಗಡಿಯಲ್ಲಿ ನಮ್ಮ ಪಕ್ಕದ ಹೊಲದ ಹುಡುಗ ಕೇಳಿದ: "ಅಣ್ಣ, ನಮ್ಮೂರೂ ಸಿಟಿಗೆ ಸೇರ್ತದಂತೆ. ಒಳ್ಳೇದಾ ಕೆಟ್ಟದ್ದಾ?" ನಾನು ತಕ್ಷಣ ಏನೂ ಹೇಳಲಿಲ್ಲ. ನನ್ನ ಮನೆ ಇರೋದು ಹೆಬ್ಬಾಳದಲ್ಲಿ, ಬೇಸಾಯ ಇರೋದು ಹಳ್ಳಿಯಲ್ಲಿ. ಒಂದು ಕಾಲು ಪಾಲಿಕೆಯಲ್ಲಿ, ಇನ್ನೊಂದು ಕಾಲು ಪಂಚಾಯಿತಿಯಲ್ಲಿ ಇಟ್ಟುಕೊಂಡು ಬದುಕ್ತಿರೋನು. ಎರಡರ ರುಚಿನೂ ಗೊತ್ತು. ಆದ್ರೆ ಒಳ್ಳೇದು ಕೆಟ್ಟದ್ದು ಅಂತ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ನಾವು ಕೊಟ್ಟ ದುಡ್ಡು ಎಲ್ಲಿಗೆ ಹೋಗ್ತದೆ, ವಾಪಸ್ ಯಾವ ದಾರಿಯಲ್ಲಿ ಬರ್ತದೆ, ಅದನ್ನ ಹಂಚೋರು ಯಾರು ಅನ್ನೋದು ಮೊದಲು ಗೊತ್ತಾಗಬೇಕು. ಅದಕ್ಕೆ ನೂರೈವತ್ತು ವರ್ಷದ ಕಥೆ ಇದೆ. ಸ್ವಲ್ಪ ಉದ್ದ ಆಗ್ತದೆ, ಪುರಸೊತ್ತಾಗಿ ಓದಿ.

ರೂಪಾಯಿಗೆ ಒಂದಾಣೆ

1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಆ ಕಾಲದಲ್ಲೇ ಲೋಕಲ್ ಫಂಡ್ ಅನ್ನೋದು ಶುರುವಾಗಿದ್ದು. ರೈತ ಕಂದಾಯ ಕಟ್ಟಬೇಕು, ಅದರ ಮೇಲೆ ರೂಪಾಯಿಗೆ ಒಂದಾಣೆ ಸೆಸ್ಸೂ ಕಟ್ಟಬೇಕು. ರೂಪಾಯಿಗೆ ಹದಿನಾರಾಣೆ, ಅಂದ್ರೆ ಹದಿನಾರರಲ್ಲಿ ಒಂದು ಪಾಲು. ಆ ದುಡ್ಡಿನಲ್ಲಿ ರಸ್ತೆ, ಶಾಲೆ, ಆಸ್ಪತ್ರೆ, ಮುಸಾಫಿರ್‌ಖಾನೆ ಇಂಥವು ಆಗಬೇಕು. ಲೆಕ್ಕ ಸರಿಯಾಗೇ ಇತ್ತು. ಆದ್ರೆ ಯಾವ ರಸ್ತೆ ಮೊದಲು, ಯಾವ ಊರಿಗೆ ಶಾಲೆ ಅಂತ ತೀರ್ಮಾನ ಮಾಡ್ತಿದ್ದೋರು ಅಧಿಕಾರಿಗಳು. ಕೊಡೋನು ರೈತ, ಹಂಚೋನು ಸಾಹೇಬ.

1881ರಲ್ಲಿ ರಾಜ್ಯ ಮತ್ತೆ ಮಹಾರಾಜರಿಗೆ ಬಂತು. ದಿವಾನ್ ರಂಗಾಚಾರ್ಲು ಅದೇ ವರ್ಷ ಅಕ್ಟೋಬರಿನಲ್ಲಿ, ದಸರಾ ಹೊತ್ತಿಗೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು 144 ಜನ. ತಾಲ್ಲೂಕುಗಳಿಂದ ಬಂದ ಜಮೀನುದಾರರು, ವ್ಯಾಪಾರಿಗಳು. ಮತ ಹಾಕಿ ಗೆದ್ದು ಬಂದವರಲ್ಲ, ಆಯ್ಕೆ ಮಾಡಿ ಕಳಿಸಿದವರು. ಸಭೆಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದೋರು, ಇವರು ತಮ್ಮ ಸೀಮೆಯ ಕಷ್ಟ ಹೇಳೋರು. ಚುನಾವಣೆಯ ಹಕ್ಕು ಸಿಕ್ಕಿದ್ದು 1891ರಲ್ಲಿ, ಅದೂ ಆಸ್ತಿ ಓದು ಇದ್ದವರಿಗೆ.

ಅಷ್ಟೇನಾ ಅನ್ನಿಸಬಹುದು. ಆದ್ರೆ ಯೋಚನೆ ಮಾಡಿ. ಕೊಟ್ಟವನು ಕೊಡಿಸಿಕೊಂಡವನ ಎದುರಿಗೆ ನಿಂತು "ನಮ್ಮೂರ ಕಾಲುವೆ ಏನಾಯ್ತು ಸ್ವಾಮಿ" ಅಂತ ಕೇಳೋಕೆ ಒಂದು ಜಾಗ ಆಯ್ತು. ಆ ಜಾಗ ಆಗಿದ್ದು ನಮ್ಮ ಮೈಸೂರಿನಲ್ಲಿ.

ಕೆರೆ ಯಾರದ್ದು?

ಸರ್ಕಾರ ಮತ್ತು ರೈತರ ನಡುವೆ ಹಳೇ ತಕರಾರು ಅಂದ್ರೆ ಕೆರೆ. ಹಳೇ ಮೈಸೂರಿನಲ್ಲಿ ಸಣ್ಣ ಕೆರೆಗಳಿಗೆ ಒಂದು ಪದ್ಧತಿ ಇತ್ತು: ಮಣ್ಣಿನ ಕೆಲಸ ಅಚ್ಚುಕಟ್ಟಿನ ರೈತರದ್ದು, ತೂಬು ಕೋಡಿ ಇಂಥ ಕಲ್ಲುಗಾರೆ ಕೆಲಸ ಸರ್ಕಾರದ್ದು. ಏರಿಗೆ ಮಣ್ಣು ಹಾಕೋದು, ಗಿಡ ಕೀಳೋದು, ಹೂಳು ಎತ್ತೋದು ನಾವು. ತೂಬು ಒಡೆದರೆ ಅವರು. ಹೇಳೋಕೆ ಚೆನ್ನಾಗಿದೆ. ನಡೆದದ್ದು ಏನಂದ್ರೆ ಅವರು ಬರಲಿ ಅಂತ ಇವರು, ಇವರು ಮಾಡಲಿ ಅಂತ ಅವರು. ಮಧ್ಯದಲ್ಲಿ ಹೂಳು ತುಂಬ್ತಾ ಹೋಯ್ತು. 1911ರಲ್ಲಿ ಕೆರೆ ಪಂಚಾಯಿತಿಗೆ ಅಂತಲೇ ಒಂದು ಕಾಯ್ದೆ ತಂದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಗ್ರಾಮ ಸುಧಾರಣೆ ಯೋಜನೆ ಬಂತು, ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಅಂತ.

ಅರ್ಧ ದಿನದ ಕೆಲಸವನ್ನ ಕೆಲವರು ಬಿಟ್ಟಿ ಅಂತ ಬೈದುಕೊಂಡೇ ಮಾಡಿರ್ತಾರೆ. ಅದರಲ್ಲೂ ಯಾರ ಬೆನ್ನು ಜಾಸ್ತಿ ಬಾಗಿತು ಅಂತ ಕೇಳಿದ್ರೆ, ನೀರು ಹರಿಯೋ ಗದ್ದೆ ಇಲ್ಲದವರದ್ದೇ ಇರಬೇಕು. ಹಳೇದೆಲ್ಲ ಚಿನ್ನ ಅಂತ ನಾನು ಹೇಳೋಕೆ ಹೊರಟಿಲ್ಲ.

ಮುಂದೆ 1902, 1918, 1926ರಲ್ಲಿ ಒಂದರ ಹಿಂದೆ ಒಂದು ಸ್ಥಳೀಯ ಸಂಸ್ಥೆಗಳ ಕಾಯ್ದೆ ಬಂದವು. ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಗ್ರಾಮ ಪಂಚಾಯಿತಿ. ಸ್ವಾತಂತ್ರ್ಯ ಬಂದಮೇಲೆ 1959ರ ಕಾಯ್ದೆಯಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿ ಬಂತು. ಹೆಸರು ಬದಲಾಗ್ತಾ ಹೋಯ್ತು. ಆದ್ರೆ ಜಿಲ್ಲೆಯ ಮಟ್ಟದಲ್ಲಿ ಹಿಡಿತ ಡಿಸಿ ಕೈಯಲ್ಲೇ ಇತ್ತು.

ನೀರ್ ಸಾಬ್ ಕಾಲ

ಇದನ್ನ ಬುಡಮೇಲು ಮಾಡಿದವರು ನಮ್ಮ ಕಡೆಯವರೇ. ಅಬ್ದುಲ್ ನಜೀರ್ ಸಾಬ್, ಗುಂಡ್ಲುಪೇಟೆಯವರು. ಆಗ ಗುಂಡ್ಲುಪೇಟೆ ಮೈಸೂರು ಜಿಲ್ಲೆಯಲ್ಲೇ ಇತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ಜನ ನೀರ್ ಸಾಬ್ ಅಂತಲೇ ಕರೆದರು. ನಮ್ಮ ಅವ್ವನಿಗೆ ಮುಖ್ಯಮಂತ್ರಿ ಹೆಸರು ಮರೆತುಹೋಗಿತ್ತು, ನೀರ್ ಸಾಬ್ ಹೆಸರು ಮರೆತಿರಲಿಲ್ಲ. ಬಿಂದಿಗೆ ಹೊತ್ತು ಹೋಗೋ ದೂರ ಕಡಿಮೆ ಆಗಿತ್ತಲ್ಲ!

ಆದ್ರೆ ಅವರು ಮಾಡಿದ ದೊಡ್ಡ ಕೆಲಸ ಕೈಪಂಪಲ್ಲ. 1983ರ ಕಾಯ್ದೆ. ರಾಷ್ಟ್ರಪತಿಗಳ ಒಪ್ಪಿಗೆ ಸಿಗೋ ಹೊತ್ತಿಗೆ 1985 ಆಯ್ತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತು, ಅದರ ಕೆಳಗೆ ಮಂಡಲ ಪಂಚಾಯಿತಿ. ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸೀಟು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಸೀನಿಯರ್ ಅಧಿಕಾರಿ. ಕೃಷಿ, ಪಶುವೈದ್ಯ, ಶಾಲೆ, ಆರೋಗ್ಯ, ಕುಡಿಯೋ ನೀರು ಎಲ್ಲಾ ಜಿಲ್ಲೆಯ ಕೈಗೆ, ದುಡ್ಡೂ ನೌಕರರೂ ಸಮೇತ.

ನಜೀರ್ ಸಾಬ್ 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪರಿಷತ್ತುಗಳ ಅವಧಿ 1992ರ ಜನವರಿಗೆ ಮುಗೀತು. ಆಗಿನ ಸರ್ಕಾರ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನ ಕೂರಿಸಿತು. ಐದು ವರ್ಷ ಕಲಿತ ಆಟ ನಿಂತುಹೋಯ್ತು. ಈ ವರ್ಷ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ನೂರು ರೂಪಾಯಿಯ ಲೆಕ್ಕ

ಸಂವಿಧಾನದ 73ನೇ ತಿದ್ದುಪಡಿ ಬಂದಮೇಲೆ 1993ರಲ್ಲಿ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಆಯ್ತು. ಈಗಿರೋ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಅದರಿಂದಲೇ. ಐದು ವರ್ಷಕ್ಕೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಬರೆದರು. 1992ರ ಹಾಗೆ ಮತ್ತೆ ಆಗಬಾರದು ಅಂತ.

ಈಗ ದುಡ್ಡಿನ ದಾರಿ ನೋಡೋಣ. 2026ರ ಮಾರ್ಚ್‌ವರೆಗಿನ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ನಮ್ಮ ರಾಜ್ಯದ ಹಳ್ಳಿಗಳಿಗೆ 85:10:5 ಲೆಕ್ಕದಲ್ಲಿ ಹಂಚಿಕೆ ಆಗ್ತಿತ್ತು. ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. 85 ಗ್ರಾಮ ಪಂಚಾಯಿತಿಗೆ, 10 ತಾಲ್ಲೂಕಿಗೆ, 5 ಜಿಲ್ಲೆಗೆ. ಗ್ರಾಮ ಪಂಚಾಯಿತಿಯ 85ರಲ್ಲಿ ಶೇಕಡಾ 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಕಟ್ಟು. ಅಂದ್ರೆ 51 ರೂಪಾಯಿ ಬೇರೆ ಕಡೆ ಮುಟ್ಟೋ ಹಾಗಿರಲಿಲ್ಲ. ಉಳಿದದ್ದು 34. ನಮ್ಮ ಮೆಂಬರನ್ನ ಹಿಡಿದು "ಹೊಲದ ದಾರಿಗೆ ಜಲ್ಲಿ ಹಾಕಿಸಪ್ಪ" ಅಂತ ಬೈತೀವಲ್ಲ, ಅವನ ಕೈಯಲ್ಲಿ ಇದ್ದದ್ದು ಆ 34ರೊಳಗೆ. ರಾಜ್ಯ ಕೊಡೋ ಶಾಸನಬದ್ಧ ಅನುದಾನ ಬೇರೆ ಇದೆ, ಅದರಲ್ಲಿ ಬೀದಿ ದೀಪ, ನೀರಿನ ಮೋಟಾರಿನ ಕರೆಂಟು ಬಿಲ್ಲಿಗೇ ದೊಡ್ಡ ಪಾಲು ಹೋಗ್ತದೆ.

ಇನ್ನು ಆ 10 ಮತ್ತು 5. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಕೊನೇ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದಿದ್ದು 2021ರಲ್ಲಿ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಅಲ್ಲಿಂದ ಕುರ್ಚಿ ಖಾಲಿ ಬಿತ್ತು. ಚುನಾಯಿತ ಸಂಸ್ಥೆ ಇಲ್ಲದಿದ್ರೆ ಹಣಕಾಸು ಆಯೋಗದ ಆ ಪಾಲು ಬರಲ್ಲ. ನೂರರಲ್ಲಿ ಹದಿನೈದು ನಿಂತುಹೋಯ್ತು. ಕುರ್ಚಿ ಖಾಲಿ ಬಿಟ್ಟೋರು ಯಾರೋ, ಕಳಕೊಂಡೋರು ನಾವು.

ಇದು ರೈತರಿಗೆ ಹೇಗೆ ತಟ್ತದೆ ಅಂದ್ರೆ, 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ಕಡೆಗೆ ಬರ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಜಿಲ್ಲೆಯ ಕೃಷಿ, ತೋಟಗಾರಿಕೆ, ಪಶುವೈದ್ಯ ಇಲಾಖೆ ಕೆಲಸ ಪರಿಶೀಲನೆ ಮಾಡಬೇಕಾದ್ದೂ ಜಿಲ್ಲಾ ಪಂಚಾಯಿತಿ ಸಭೆಯೇ. ಬಿತ್ತನೆ ಬೀಜ ತಡ ಆದ್ರೆ ಅಧಿಕಾರಿಯನ್ನ ನಿಲ್ಲಿಸಿ ಕೇಳೋಕೆ ಆ ಸಭೆಯಲ್ಲಿ ನಮ್ಮವನೊಬ್ಬ ಇರಬೇಕಿತ್ತು. 1881ಕ್ಕೆ ಮುಂಚಿನ ಹಾಗೆ ಆಗಿಹೋಯ್ತು: ಕೊಡೋದು ನಾವು, ಹಂಚೋದು ಸಾಹೇಬರು.

ಹೆಬ್ಬಾಳದ ಪಾಠ

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರ್ತೀನಿ.

ಹೆಬ್ಬಾಳ ಒಂದು ಕಾಲಕ್ಕೆ ಊರೇ. ಕೈಗಾರಿಕಾ ಪ್ರದೇಶ ಬಂತು, ಬಡಾವಣೆ ಬಂತು, ಇನ್ಫೋಸಿಸ್ ಬಂತು, ಪಾಲಿಕೆಯ ವಾರ್ಡ್ ಆಯ್ತು. ಆಮೇಲೆ ನಗರ ಇನ್ನೂ ಮುಂದಕ್ಕೆ ಸರೀತು. 2020-21ರ ಸುಮಾರಿಗೆ ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ ಕಡೆಯ ಪಂಚಾಯಿತಿಗಳು ಹೋಗಿ ಹೂಟಗಳ್ಳಿ ನಗರಸಭೆ ಆಯ್ತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಈಗ ಇವನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಅನ್ನೋ ಮಾತು.

ಲಾಭ ಇಲ್ಲ ಅನ್ನಲ್ಲ. ಒಳಚರಂಡಿ, ಕಸದ ಗಾಡಿ, ದೊಡ್ಡ ಪೈಪಿನ ನೀರು, ಇವು ಬಡಾವಣೆ ತುಂಬಿದ ಊರಿಗೆ ಬೇಕೇ ಬೇಕು. ಗ್ರಾಮ ಪಂಚಾಯಿತಿ ಕೈಲಿ ಅಷ್ಟು ದೊಡ್ಡ ಕೆಲಸ ಆಗಲ್ಲ. ಸೈಟು ಇದ್ದವನಿಗೆ ಬೆಲೆನೂ ಏರ್ತದೆ.

ಆದ್ರೆ ಬೇಸಾಯ ಮಾಡೋನಿಗೆ? ಉದ್ಯೋಗ ಖಾತ್ರಿ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಅಂತ ಮಾಡಿದ ಯೋಜನೆ. ನಗರಸಭೆ ಆದ ದಿನ ಅದು ನಿಂತಿತು. ಕೊಟ್ಟಿಗೆ, ಕೃಷಿ ಹೊಂಡ, ಬದು, ತೆಂಗಿನ ಗುಂಡಿ ಯಾವುದಕ್ಕೂ ಅದರಲ್ಲಿ ದಾರಿ ಇಲ್ಲ. ಕೂಲಿಗೆ ಹೋಗೋ ಹೆಂಗಸರ ನೂರು ದಿನವೂ ಹೋಯ್ತು. ಆಸ್ತಿ ತೆರಿಗೆ ಲೆಕ್ಕ ಬದಲಾಯ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪಟ್ಟಣದಲ್ಲಿ ಗ್ರಾಮಸಭೆ ಅನ್ನೋದೇ ಇಲ್ಲ. ಫಲಾನುಭವಿ ಪಟ್ಟಿಯನ್ನ ಊರ ಮುಂದೆ ಓದಿಸೋ ಜಾಗ ಇಲ್ಲ. ಮೈಸೂರು ಪಾಲಿಕೆಯ ಸದಸ್ಯರ ಅವಧಿಯೂ 2023ರ ನವೆಂಬರಿಗೆ ಮುಗಿದು ಅಲ್ಲೂ ಆಡಳಿತಾಧಿಕಾರಿ ಬಂದರು. ನಮ್ಮ ಮನೆ ಬೀದಿಯ ಮೋರಿಗೆ ನಾನು ಯಾರನ್ನ ಕೇಳಬೇಕು ಹೇಳಿ.

ಹೆಬ್ಬಾಳ ಕೆರೆಯನ್ನೇ ನೋಡಿ. ನಾನು ಚಿಕ್ಕವನಾಗಿದ್ದಾಗ ದನ ಇಳೀತಿದ್ದ ಕೆರೆ. ಆಮೇಲೆ ಕೊಳಚೆ ತುಂಬಿ ಮೂಗು ಮುಚ್ಚಿಕೊಂಡು ಹೋಗೋ ಹಾಗಾಯ್ತು. ಇನ್ಫೋಸಿಸ್ ಪ್ರತಿಷ್ಠಾನ ನೂರು ಕೋಟಿಗೂ ಮೀರಿದ ವೆಚ್ಚದಲ್ಲಿ ಅದನ್ನ ಸರಿಮಾಡ್ತು. ಒಳ್ಳೇ ಕೆಲಸ, ಕೈ ಮುಗೀತೀನಿ. ಆದ್ರೆ ಏರಿ ಮೇಲೆ ನಡೆಯುವಾಗ ಒಂದು ಯೋಚನೆ ಬಿಡಲ್ಲ: ಮೊದಲು ರೈತರು ಮಣ್ಣು ಹಾಕ್ತಿದ್ದರು, ಆಮೇಲೆ ಸರ್ಕಾರ ನೋಡಿಕೊಳ್ಳಬೇಕಿತ್ತು, ಕೊನೆಗೆ ಒಂದು ಕಂಪನಿಯ ಪ್ರತಿಷ್ಠಾನ ಬರಬೇಕಾಯ್ತು. ಪಕ್ಕದಲ್ಲಿ ಕಂಪನಿ ಇಲ್ಲದ ಕೆರೆಗಳ ಗತಿ?

ನನ್ನ ತಪ್ಪು

ಇದನ್ನ ಹೇಳದೆ ಮುಗಿಸೋಕೆ ಮನಸ್ಸು ಒಪ್ಪಲ್ಲ. ನಮ್ಮ ಸುತ್ತಿನ ಪಂಚಾಯಿತಿಗಳನ್ನ ನಗರಕ್ಕೆ ಸೇರಿಸೋ ಮಾತು ಬಂದಾಗ ಕರಡು ಹೊರಡಿಸಿ ಆಕ್ಷೇಪಣೆ ಇದ್ರೆ ಕೊಡಿ ಅಂದಿದ್ದರು. ನಾನು ಕೊಡಲಿಲ್ಲ. ಹೊಲದ ಕೆಲಸ, ನಾಳೆ ನೋಡೋಣ, ನಾನೊಬ್ಬ ಬರೆದರೆ ಏನಾಗ್ತದೆ ಅಂತ ಸುಮ್ಮನಾದೆ. ದಿನ ಮುಗೀತು. ಸೇರಬೇಡಿ ಅಂತಲೇ ಬರೀತಿದ್ನೋ ಇಲ್ಲವೋ ಗೊತ್ತಿಲ್ಲ. ಬೇಸಾಯದ ಭೂಮಿ ಇರೋ ಊರನ್ನ ಬಿಟ್ಟು ಬಡಾವಣೆ ಆದ ಭಾಗವನ್ನ ಮಾತ್ರ ತಗೊಳ್ಳಿ ಅಂತಾದರೂ ಬರೀಬಹುದಿತ್ತು. ಕೇಳೋ ಜಾಗ ಇದ್ದಾಗ ಕೇಳದೆ, ಆಮೇಲೆ ಟೀ ಅಂಗಡಿಯಲ್ಲಿ ಬೈದುಕೊಂಡು ಕೂತೆ.

ಹಾಗಾಗಿ ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಮುಂದಿನ ಗ್ರಾಮಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಒಂದು, ಈ ವರ್ಷ ಯಾವ ಯಾವ ಅನುದಾನ ಎಷ್ಟು ಬಂತು, ಕಟ್ಟು ಎಷ್ಟು, ಬಿಡಿ ಎಷ್ಟು? ಎರಡು, ನಮ್ಮೂರ ಕೆರೆ ಯಾರ ಸುಪರ್ದಿನಲ್ಲಿದೆ, ಕೊನೇ ಸಲ ದುಡ್ಡು ಹಾಕಿದ್ದು ಯಾವಾಗ? ಮೂರು, ನಗರಕ್ಕೆ ಸೇರಿಸೋ ಪ್ರಸ್ತಾವನೆಯಲ್ಲಿ ನಮ್ಮೂರು ಇದೆಯಾ, ಇದ್ದರೆ ಬೇಸಾಯದ ಸರ್ವೆ ನಂಬರುಗಳ ಗತಿ ಏನು? ಕರಡು ಬಂದರೆ ಒಂದು ಹಾಳೆಯಲ್ಲಾದರೂ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ನಿಮ್ಮೂರಿನ ಕೆರೆ, ನಿಮ್ಮ ಪಂಚಾಯಿತಿಯ ಲೆಕ್ಕ ಹೇಗಿದೆ ಅಂತ ಬರೆದು ತಿಳಿಸಿ. ಮಳೆ ಸ್ವಲ್ಪ ಬಿಡುವು ಕೊಟ್ಟ ಹಾಗಿದೆ. ಹೊಲದ ಕಡೆ ಹೋಗಿ ನೀರು ನಿಂತಿದೆಯಾ ನೋಡಿ ಬರ್ತೀನಿ.