ದಾಬೋಲಿಮ್: ರೈಲು ನಿಂತಾಗ

ದಾಬೋಲಿಮ್ ಎಂದೊಡನೆ ವಿಮಾನ ನಿಲ್ದಾಣ ನೆನಪಾಗುತ್ತದೆ. ನನಗಾದರೋ ಅಲ್ಲಿಯ ಸಣ್ಣ ರೈಲು ನಿಲ್ದಾಣದ ಚರಿತ್ರೆಯೇ ದೊಡ್ಡದೆನಿಸುತ್ತದೆ. ಮುರ್ಗಾಂವ್ ಬಂದರಿನ ಈ ಹಾದಿ 1888ರಲ್ಲಿ ಘಟ್ಟವೇರಿ ಕ್ಯಾಸಲ್‌ರಾಕ್ ಮುಟ್ಟಿ, ಕನ್ನಡನಾಡಿಗೆ ಕಡಲ ಬಾಗಿಲಾಯಿತು.

1954ರಲ್ಲಿ ಭಾರತವು ಪೋರ್ಚುಗೀಸ್ ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಮರುವರ್ಷ ಗಡಿ ದಾಟುವ ರೈಲು ನಿಂತಿತು. ಅದೇ 1955ರಲ್ಲಿ ಪೋರ್ಚುಗೀಸರು ದಾಬೋಲಿಮ್‌ನಲ್ಲಿ ವಿಮಾನ ನಿಲ್ದಾಣ ತೆರೆದರು. ಆಳುವವರಿಗೆ ಆಕಾಶದ ದಾರಿ ಸಿಕ್ಕಿತು. ಘಟ್ಟದ ಆಚೆ ಈಚೆ ಬಂಧುಗಳಿದ್ದ ಬಡವರಿಗೆ ಸಿಗಲಿಲ್ಲ. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ಬಳಿಕವೇ ಆ ಸಂಪರ್ಕ ಮರಳಿತು.

ಈಗ ತಡೆಯುವುದು ಗಡಿಯಲ್ಲ, ಘಟ್ಟದ ಮಳೆ. 37 ಅಡಿ ಸಾಗಿದರೆ 1 ಅಡಿ ಏರುವ ಹಾದಿಯದು. 2021ರ ಜುಲೈಯಲ್ಲಿ ದೂಧಸಾಗರದ ಬಳಿ ಗುಡ್ಡ ಕುಸಿದು, ಈ ದಾರಿಗೆ ತಿರುಗಿಸಿದ್ದ ಮಂಗಳೂರು–ಮುಂಬಯಿ ರೈಲು ಹಳಿ ತಪ್ಪಿತು. 2024ರ ಆಗಸ್ಟಿನಲ್ಲಿ ಅದೇ ಘಟ್ಟದಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಹಲವು ರೈಲುಗಳು ರದ್ದಾದವು.

ವಾಸ್ಕೋ, ದಾಬೋಲಿಮ್‌ಗಳಲ್ಲಿ ದುಡಿಯುವ ಕನ್ನಡಿಗರಿಗೆ ರೈಲು ರದ್ದೆಂದರೆ ಮದುವೆ-ಮರಣಗಳಿಗೆ ಊರು ತಪ್ಪಿಹೋಗುವುದು. 1956ರಲ್ಲಿ ಗಡಿಯ ಈಚೆ ಉಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಯನ್ನು ಯಾರೂ ತಡೆಯಲಾರರು. ರದ್ದಾದ ಸುದ್ದಿಯನ್ನು ಪ್ರಯಾಣಿಕ ಮನೆ ಬಿಡುವ ಮೊದಲೇ, ಅವನಿಗೆ ತಿಳಿಯುವ ಭಾಷೆಯಲ್ಲಿ ಮುಟ್ಟಿಸುವುದು ಮಾತ್ರ ಮನುಷ್ಯರ ಕೈಯಲ್ಲಿದೆ.