ಕಲ್ಲು ಬಿದ್ದದ್ದನ್ನು ನಂಬದ ವಿದ್ವಾಂಸರು

ಟೀವಿಯ ವಿಜ್ಞಾನ ಕಾರ್ಯಕ್ರಮಗಳಲ್ಲಿ ಉಲ್ಕೆಯೆಂದರೆ ಬೆಂಕಿಯ ಚೆಂಡು. ಅದು ಉರಿಯುತ್ತಲೇ ಬಂದು ನೆಲಕ್ಕಪ್ಪಳಿಸಬೇಕು, ಹೊಗೆ ಏಳಬೇಕು. ನೋಡಲು ಸೊಗಸು, ಆದರೆ ಸಾಮಾನ್ಯವಾಗಿ ನಡೆಯುವುದೇ ಬೇರೆ. ಸಣ್ಣ ಕಲ್ಲುಗಳ ಬೆಳಕು ಹಲವು ಕಿಲೋಮೀಟರ್ ಎತ್ತರದಲ್ಲಿಯೇ ಆರಿಹೋಗುತ್ತದೆ. ಗಾಳಿಯ ತಡೆಯಿಂದ ವೇಗ ಕಳೆದುಕೊಂಡ ಕಲ್ಲು ಉಳಿದ ದಾರಿಯನ್ನು ಬೆಳಕಿಲ್ಲದೆ ಕ್ರಮಿಸುತ್ತದೆ. ಕರಗುವುದು ಹೊರಮೈ ಮಾತ್ರ. ಅದೇ ತೆಳ್ಳನೆಯ ಕಪ್ಪು ಸಿಪ್ಪೆಯಾಗಿ ಉಳಿಯುತ್ತದೆ.

ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನೇ ವಿದ್ವಾಂಸರು ಒಪ್ಪದಿದ್ದ ಕಾಲವೊಂದಿತ್ತು. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಹೊಲದಲ್ಲಿದ್ದ ರೈತರು ಕಲ್ಲು ಬಿದ್ದುದನ್ನು ಕಂಡರು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಪರವಾಗಿ ಅದನ್ನು ಪರೀಕ್ಷಿಸಿದವರಲ್ಲಿ ಹೆಸರಾಂತ ರಸಾಯನ ವಿಜ್ಞಾನಿ ಲವಾಸಿಯೆಯೂ ಒಬ್ಬ. ಇದು ನೆಲದ ಕಲ್ಲೇ, ಸಿಡಿಲು ಬಡಿದಿದೆ ಎಂಬುದು ಅವರ ತೀರ್ಮಾನ. 1790ರಲ್ಲಿ ಬಾರ್ಬೊತಾನ್‌ನಲ್ಲಿ ಕಲ್ಲು ಬಿದ್ದಾಗ ಮುನ್ನೂರಕ್ಕೂ ಹೆಚ್ಚು ಮಂದಿ ಸಾಕ್ಷಿ ನುಡಿದರು. ಅವರಿಗೆ ದೊರೆತದ್ದು ಅಪಹಾಸ್ಯ. ಹಳ್ಳಿಗರ ಕಣ್ಣಿಗೆ ಬೆಲೆಯೇ ಇರಲಿಲ್ಲ.

ಆ ಕಣ್ಣುಗಳನ್ನು ನಂಬಿದವನು ಜರ್ಮನಿಯ ಕ್ಲಾಡ್ನಿ. ಕಾನೂನು ಓದಿದ್ದ ಆತ ಹಳೆಯ ಹೇಳಿಕೆಗಳನ್ನು ಸಾಕ್ಷ್ಯಗಳಂತೆ ಒಂದಕ್ಕೊಂದು ಹೋಲಿಸಿ, ಈ ಕಲ್ಲುಗಳು ಬಾಹ್ಯಾಕಾಶದಿಂದ ಬಂದವೆಂದು 1794ರಲ್ಲಿ ಪುಸ್ತಕ ಬರೆದ. ಒಪ್ಪಿದವರು ಕಡಿಮೆ.

ಭಾರತದ ಪಾತ್ರ ಬರುವುದು ಇಲ್ಲಿ. 1798ರ ಡಿಸೆಂಬರ್ 19ರಂದು ಕಾಶಿಯ ಬಳಿಯ ಹಳ್ಳಿಯೊಂದರಲ್ಲಿ ಕಲ್ಲುಗಳು ಬಿದ್ದವು. ಮೋಡವಿಲ್ಲದ ನಿರ್ಮಲ ಆಕಾಶ. ಹಾಗಾಗಿ ಸಿಡಿಲಿನ ಕಥೆ ಹೇಳುವಂತಿರಲಿಲ್ಲ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹೋವರ್ಡ್ ಈ ಕಲ್ಲನ್ನು ಇಂಗ್ಲೆಂಡ್, ಇಟಲಿ, ಬೊಹೀಮಿಯಾಗಳಲ್ಲಿ ಬಿದ್ದ ಕಲ್ಲುಗಳೊಡನೆ ಇಟ್ಟು ಪರೀಕ್ಷಿಸಿದ. ದೂರ ದೂರದ ನಾಲ್ಕು ಕಲ್ಲುಗಳ ರಚನೆಯೂ ಒಂದೇ ಬಗೆ. ಎಲ್ಲದರ ಕಬ್ಬಿಣದಲ್ಲೂ ನಿಕಲ್. 1802ರ ಈ ವರದಿ ಹಲವರ ಬಾಯಿ ಮುಚ್ಚಿಸಿತು.

ಮರುವರ್ಷ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಸುತ್ತ ಸುಮಾರು 3,000 ಕಲ್ಲುಗಳು ಉದುರಿದವು. ಸರ್ಕಾರ ಬಿಯೊ ಎಂಬ ಯುವ ವಿಜ್ಞಾನಿಯನ್ನು ಕಳಿಸಿತು. ಆತ ಊರೂರು ಸುತ್ತಿ ಜನರನ್ನು ವಿಚಾರಿಸಿದ. ಪರಸ್ಪರ ಪರಿಚಯವಿಲ್ಲದವರ ಮಾತುಗಳೂ ತಾಳೆಯಾದವು. ಅಂಥ ಕಲ್ಲು ಆ ಸೀಮೆಯಲ್ಲಿ ಹಿಂದೆಂದೂ ಇರಲಿಲ್ಲ ಎಂಬುದನ್ನೂ ಖಚಿತಪಡಿಸಿಕೊಂಡ. ಅವನ ವರದಿಯ ನಂತರ ಅಕಾಡೆಮಿಯ ಅನುಮಾನ ಕರಗಿತು.

ಈಗ ಸಾಕ್ಷಿ ಹೇಳುವ ಕೆಲಸ ಕ್ಯಾಮೆರಾಗಳದ್ದು. 1992ರ ಅಕ್ಟೋಬರ್ 9ರ ಸಂಜೆ ಅಮೆರಿಕದಲ್ಲಿ ಫುಟ್‌ಬಾಲ್ ಆಟ ಚಿತ್ರೀಕರಿಸುತ್ತಿದ್ದ ಹಲವರ ವಿಡಿಯೊಗಳಲ್ಲಿ ಉಲ್ಕೆಯೊಂದು ಹಾದುಹೋಯಿತು. ಅದರ 12 ಕಿಲೋ ತೂಕದ ತುಣುಕು ಪೀಕ್‌ಸ್ಕಿಲ್ ಎಂಬಲ್ಲಿ ನಿಂತಿದ್ದ ಕಾರನ್ನು ಜಜ್ಜಿತು. ಆ ವಿಡಿಯೊಗಳನ್ನೇ ಹೋಲಿಸಿ ವಿಜ್ಞಾನಿಗಳು ಕಲ್ಲು ಸೂರ್ಯನ ಸುತ್ತ ಸುತ್ತುತ್ತಿದ್ದ ಕಕ್ಷೆಯನ್ನು ಲೆಕ್ಕಹಾಕಿದರು.