ಗ್ರಾಮ ಸಭೆ (ಕರ್ನಾಟಕ)

ಗ್ರಾಮ ಸಭೆ ಎಂಬುದು ಕರ್ನಾಟಕದ ಗ್ರಾಮೀಣ ಸ್ಥಳೀಯ ಆಡಳಿತದ ತಳಹದಿಯಾಗಿರುವ ಸಾಂವಿಧಾನಿಕ ಸಂಸ್ಥೆ. ಪಂಚಾಯಿತಿ ವ್ಯಾಪ್ತಿಯ ಗ್ರಾಮಗಳ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಇದರ ಸದಸ್ಯರು. ಗ್ರಾಮ ಪಂಚಾಯಿತಿಗೆ ಐದು ವರ್ಷಕ್ಕೊಮ್ಮೆ ಸದಸ್ಯರು ಚುನಾಯಿತರಾಗುತ್ತಾರೆ. ಗ್ರಾಮ ಸಭೆಗೆ ಚುನಾವಣೆಯೂ ಇಲ್ಲ, ವಿಸರ್ಜನೆಯೂ ಇಲ್ಲ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ, ವಾರ್ಷಿಕ ಯೋಜನೆಯ ಅನುಮೋದನೆ, ಲೆಕ್ಕಪತ್ರಗಳ ಪರಿಶೀಲನೆ ಇದರ ಮುಖ್ಯ ಕೆಲಸಗಳು.

ಪದಬಳಕೆ

ಆಡುಮಾತಿನಲ್ಲಿ ಗ್ರಾಮ ಸಭೆ ಮತ್ತು ಗ್ರಾಮ ಪಂಚಾಯಿತಿ ಎಂಬ ಎರಡು ಪದಗಳು ಬೆರೆತುಹೋಗುವುದುಂಟು. ಗ್ರಾಮ ಪಂಚಾಯಿತಿಯು ಚುನಾಯಿತ ಸದಸ್ಯರ ಆಡಳಿತ ಮಂಡಳಿ. ಆ ಸದಸ್ಯರು ಸೇರುವುದು ಪಂಚಾಯಿತಿಯ ಸಾಮಾನ್ಯ ಸಭೆ. ಅದರ ಚರ್ಚೆಯಲ್ಲಿ ಊರಿನ ಇತರರು ಪಾಲ್ಗೊಳ್ಳುವಂತಿಲ್ಲ. ಗ್ರಾಮ ಸಭೆಯಲ್ಲಿ ಊರಿನ ಮತದಾರರೇ ಸದಸ್ಯರಾದುದರಿಂದ, ಅಲ್ಲಿ ಪ್ರಶ್ನೆ ಕೇಳುವವರು ಅರ್ಜಿದಾರರಾಗಿ ಅಲ್ಲ, ಸಭಾಸದರಾಗಿ ಕೇಳುತ್ತಾರೆ. ತಹಶೀಲ್ದಾರರು ಅಥವಾ ಜಿಲ್ಲಾಧಿಕಾರಿಗಳು ನಡೆಸುವ ಜನಸಂಪರ್ಕ ಸಭೆಗೂ ಗ್ರಾಮ ಸಭೆಗೂ ಇರುವ ಮೂಲಭೂತ ವ್ಯತ್ಯಾಸ ಇದೇ.

ಹಿನ್ನೆಲೆ

ಗ್ರಾಮ ಪಂಚಾಯಿತಿಗಳನ್ನು ರಚಿಸಿ ಸ್ವಯಮಾಡಳಿತದ ಘಟಕಗಳಾಗಿ ಬೆಳೆಸಬೇಕೆಂದು ಸಂವಿಧಾನದ 40ನೇ ವಿಧಿಯು ರಾಜ್ಯಕ್ಕೆ ನಿರ್ದೇಶಿಸುತ್ತದೆ. 1957ರ ಬಲವಂತರಾಯ್ ಮೆಹ್ತಾ ಸಮಿತಿಯ ಶಿಫಾರಸಿನ ನಂತರ ಮೈಸೂರು ರಾಜ್ಯದಲ್ಲಿ 1959ರ ಗ್ರಾಮ ಪಂಚಾಯಿತಿಗಳು ಮತ್ತು ಸ್ಥಳೀಯ ಮಂಡಳಿಗಳ ಅಧಿನಿಯಮ ರೂಪುಗೊಂಡಿತು.

ಅಧಿಕಾರ ವಿಕೇಂದ್ರೀಕರಣದಲ್ಲಿ ಕರ್ನಾಟಕವು ದೇಶದ ಗಮನ ಸೆಳೆದದ್ದು 1983ರ ಕಾಯ್ದೆಯ ಮೂಲಕ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಇದರ ಪ್ರಮುಖ ರೂವಾರಿ. ಬರಪೀಡಿತ ಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ಕೊರೆಸಿದ್ದರಿಂದ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಈ ಕಾಯ್ದೆಯಡಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ರಚನೆಯಾಗಿ, 1987ರಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಆಗಲೇ ಮೀಸಲಿರಿಸಲಾಗಿತ್ತು.

1992ರ ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಗ್ರಾಮ ಸಭೆಗೆ ಸಾಂವಿಧಾನಿಕ ಸ್ಥಾನ ದೊರಕಿತು. ಅದರ ಅಧಿಕಾರಗಳನ್ನು ನಿರ್ಧರಿಸುವ ಹೊಣೆಯನ್ನು ಮಾತ್ರ 243ಎ ವಿಧಿಯು ರಾಜ್ಯ ಶಾಸನಸಭೆಗಳಿಗೆ ಬಿಟ್ಟಿತು. ಅದರಂತೆ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993 ಅದೇ ವರ್ಷದ ಮೇ 10ರಿಂದ ಜಾರಿಯಾಯಿತು. ಕೆ. ಆರ್. ರಮೇಶ್ ಕುಮಾರ್ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳನ್ನು ಆಧರಿಸಿದ 2015ರ ತಿದ್ದುಪಡಿಯ ನಂತರ ಇದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂದಾಯಿತು.

ರಚನೆ ಮತ್ತು ಹಂತಗಳು

ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ ಇರುತ್ತದೆ. ಮನೆಗಳು ದೂರದೂರ ಚದುರಿರುವ ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಲ್ಲಿ ಈ ಮಿತಿಯನ್ನು 2,500ಕ್ಕೆ ಇಳಿಸಲು ಅವಕಾಶವಿದೆ. ಸುಮಾರು 400 ಜನರಿಗೆ ಒಬ್ಬರಂತೆ ಸದಸ್ಯರು ಆಯ್ಕೆಯಾಗುತ್ತಾರೆ.

ಇಷ್ಟು ಜನರು ಒಂದೇ ಕಡೆ ಸೇರಿ ಮಾತನಾಡುವುದು ಕಷ್ಟವಾದ್ದರಿಂದ, ಚರ್ಚೆಯು ಕೆಳಗಿನಿಂದ ಆರಂಭವಾಗಬೇಕೆಂಬುದು ಕಾನೂನಿನ ಆಶಯ.

ಜನವಸತಿ ಸಭೆ: ಕೇರಿ, ಹಟ್ಟಿ, ತಾಂಡಾ, ಹಾಡಿಗಳಂತಹ ಜನವಸತಿಗಳ ನಿವಾಸಿಗಳ ಸಭೆ. 2015ರ ತಿದ್ದುಪಡಿಯಲ್ಲಿ ಇದಕ್ಕೆ ಮಹತ್ವ ದೊರಕಿತು.

ವಾರ್ಡ್ ಸಭೆ: ಒಂದು ವಾರ್ಡಿನ ಮತದಾರರ ಸಭೆ. ಆ ವಾರ್ಡಿನ ಪಂಚಾಯಿತಿ ಸದಸ್ಯರು ಅಧ್ಯಕ್ಷತೆ ವಹಿಸುತ್ತಾರೆ. ಬೀದಿದೀಪ, ಸಾರ್ವಜನಿಕ ನಲ್ಲಿ, ಬಾವಿ, ಶೌಚಾಲಯಗಳು ಎಲ್ಲಿ ಬೇಕೆಂದು ಸೂಚಿಸುವುದು ಮತ್ತು ಪಿಂಚಣಿ, ಸಹಾಯಧನ ಪಡೆಯುವವರ ಅರ್ಹತೆಯನ್ನು ಪರಿಶೀಲಿಸುವುದು ಇದರ ಕೆಲಸ.

ಗ್ರಾಮ ಸಭೆ: ವಾರ್ಡ್ ಸಭೆಗಳಿಂದ ಬಂದ ಬೇಡಿಕೆಗಳನ್ನು ಕ್ರೋಡೀಕರಿಸಿ, ಆದ್ಯತೆಯನ್ನು ನಿರ್ಧರಿಸುವ ಸಭೆ. ಪಂಚಾಯಿತಿ ಅಧ್ಯಕ್ಷರು, ಅವರ ಗೈರುಹಾಜರಿಯಲ್ಲಿ ಉಪಾಧ್ಯಕ್ಷರು ಅಧ್ಯಕ್ಷತೆ ವಹಿಸುತ್ತಾರೆ.

ಸಭೆ ನಡೆಯುವ ಕ್ರಮ

ಎರಡು ಗ್ರಾಮ ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಸಭೆಯ ದಿನಾಂಕ, ಸ್ಥಳ ಮತ್ತು ವಿಷಯಪಟ್ಟಿಯನ್ನು ಸೂಚನಾ ಫಲಕ, ಕರಪತ್ರ, ಡಂಗುರ ಅಥವಾ ಧ್ವನಿವರ್ಧಕದ ಮೂಲಕ ಮುಂಚಿತವಾಗಿ ಸಾರಲಾಗುತ್ತದೆ. ಪಂಚಾಯಿತಿ ಕಚೇರಿ, ಶಾಲೆ, ಸಮುದಾಯ ಭವನ ಅಥವಾ ದೇವಸ್ಥಾನದ ಆವರಣದಲ್ಲಿ ಸಭೆ ಸೇರುವುದು ವಾಡಿಕೆ.

ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಗ್ರಾಮ ಸಭೆಯ ಕೋರಂ. ವಾರ್ಡ್ ಸಭೆಗೆ ಹತ್ತನೆಯ ಒಂದು ಭಾಗ ಅಥವಾ 20 ಜನ ಸಾಕು. ಹಾಜರಾದವರಲ್ಲಿ ಸಾಧ್ಯವಾದ ಮಟ್ಟಿಗೆ ಶೇಕಡ 30ರಷ್ಟು ಮಹಿಳೆಯರಿರಬೇಕು.

ಬೇರೊಂದು ಇಲಾಖೆಯ ಅಧಿಕಾರಿಯೊಬ್ಬರು ನೋಡಲ್ ಅಧಿಕಾರಿಯಾಗಿ ಬರುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಿಂದಿನ ಸಭೆಯ ನಡಾವಳಿಯನ್ನೂ ಅದರ ಮೇಲೆ ಕೈಗೊಂಡ ಕ್ರಮಗಳನ್ನೂ ಓದಿಹೇಳುತ್ತಾರೆ. ಕೃಷಿ, ಆರೋಗ್ಯ, ಶಿಕ್ಷಣ, ವಿದ್ಯುತ್, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮೊದಲಾದ ಇಲಾಖೆಗಳ ಪ್ರತಿನಿಧಿಗಳು ಮಾಹಿತಿ ನೀಡಿದ ಮೇಲೆ ಚರ್ಚೆ ಆರಂಭವಾಗುತ್ತದೆ.

ಸಭೆಯ ತೀರ್ಮಾನಗಳು ನಡಾವಳಿ ಪುಸ್ತಕದಲ್ಲಿ ಠರಾವಾಗಿ ದಾಖಲಾಗಬೇಕು. ಬಾಯಿಮಾತಿನ ಆಶ್ವಾಸನೆಗೆ ಮುಂದೆ ಆಧಾರ ಸಿಗುವುದಿಲ್ಲ. ಆದುದರಿಂದ ಸಭೆ ಮುಗಿಯುವ ಮುನ್ನ ನಡಾವಳಿಯನ್ನು ಓದಿಸಿ ಕೇಳುವುದಕ್ಕೆ ಪ್ರಾಯೋಗಿಕವಾಗಿ ಬಹಳ ಮಹತ್ವವಿದೆ. ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಕೋರಬಹುದು.

ಅಧಿಕಾರ ಮತ್ತು ಕಾರ್ಯಗಳು

ಮನೆಯಿಲ್ಲದವರ ಹಾಗೂ ನಿವೇಶನರಹಿತರ ಪಟ್ಟಿ ಗ್ರಾಮ ಸಭೆಯಲ್ಲಿ ತೀರ್ಮಾನವಾಗಬೇಕಾದ ಅತ್ಯಂತ ಸೂಕ್ಷ್ಮ ವಿಷಯ. ಬಸವ ವಸತಿ ಯೋಜನೆಯಂತಹ ಯೋಜನೆಗಳಲ್ಲಿ ಬೇಡಿಕೆಗಿಂತ ಮಂಜೂರಾಗುವ ಮನೆಗಳು ಸಾಮಾನ್ಯವಾಗಿ ಕಡಿಮೆ. ಯಾರಿಗೆ ಮೊದಲು, ಯಾರಿಗೆ ಮುಂದಿನ ಸಲ ಎಂಬುದನ್ನು ಅಕ್ಕಪಕ್ಕದವರ ಎದುರಿನಲ್ಲಿಯೇ ನಿರ್ಧರಿಸಿದರೆ, ಅರ್ಹರಲ್ಲದವರ ಹೆಸರು ನುಸುಳುವುದು ಕಷ್ಟವಾಗುತ್ತದೆ. ಯಾರ ಗೋಡೆ ಬಿದ್ದಿದೆ, ಯಾರಿಗೆ ಈಗಾಗಲೇ ಮನೆಯಿದೆ ಎಂಬುದನ್ನು ನೆರೆಹೊರೆಯವರು ಬಲ್ಲರು.

ಇದಲ್ಲದೆ, ವಾರ್ಷಿಕ ಯೋಜನೆಗೆ ಒಪ್ಪಿಗೆ ನೀಡುವುದು, ಜಮಾ-ಖರ್ಚು ಮತ್ತು ಲೆಕ್ಕಪರಿಶೋಧನಾ ವರದಿಯನ್ನು ಪರಿಶೀಲಿಸುವುದು, ಕುಡಿಯುವ ನೀರು ಹಾಗೂ ನೈರ್ಮಲ್ಯದ ಸ್ಥಿತಿಯನ್ನು ಚರ್ಚಿಸುವುದು ಸಭೆಯ ವ್ಯಾಪ್ತಿಗೆ ಬರುತ್ತವೆ. 15ನೇ ಹಣಕಾಸು ಆಯೋಗದ 2021–26ರ ಅವಧಿಯ ಅನುದಾನದಲ್ಲಿ ಶೇಕಡ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಪಡಿಸಲಾಗಿತ್ತು. ಉಳಿದ ಶೇಕಡ 40ರಷ್ಟನ್ನು ಸ್ಥಳೀಯ ಅಗತ್ಯಗಳಿಗೆ ಬಳಸಲು ಅವಕಾಶವಿತ್ತು.

ವಿಶೇಷ ಸಭೆಗಳು

ಜಮಾಬಂದಿ: ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ, ಹಿಂದಿನ ಆರ್ಥಿಕ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಸಾರ್ವಜನಿಕರ ಸಮ್ಮುಖದಲ್ಲಿ ಪರಿಶೀಲಿಸುವ ಕ್ರಮ. ಕಾಗದದಲ್ಲಿರುವ ಚರಂಡಿ, ಮೋರಿ, ರಸ್ತೆಗಳು ಊರಿನಲ್ಲಿಯೂ ಇವೆಯೇ ಎಂದು ಸ್ಥಳಕ್ಕೆ ಹೋಗಿ ನೋಡುವುದು ಇದರ ವಿಶೇಷ.

ಸಾಮಾಜಿಕ ಪರಿಶೋಧನೆ: 2005ರ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮದ 17ನೇ ಪ್ರಕರಣವು ಕಾಮಗಾರಿಗಳ ಪರಿಶೋಧನೆಯ ಹೊಣೆಯನ್ನು ಗ್ರಾಮ ಸಭೆಗೆ ವಹಿಸಿತು. ಹಾಜರಿ ಪಟ್ಟಿಯಲ್ಲಿರುವವರು ನಿಜವಾಗಿ ದುಡಿದರೇ, ಕೂಲಿ ಅವರ ಕೈಸೇರಿತೇ ಎಂಬುದು ಇಲ್ಲಿ ಚರ್ಚೆಯಾಗುತ್ತದೆ.

ಮಕ್ಕಳ ಗ್ರಾಮ ಸಭೆ: 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘದ ಹಿನ್ನೆಲೆಯಲ್ಲಿ ಮಕ್ಕಳ ಪಂಚಾಯಿತಿಗಳು ರೂಪುಗೊಂಡವು. ಮಕ್ಕಳ ಗ್ರಾಮ ಸಭೆಗಳು ನಂತರ ರಾಜ್ಯದಾದ್ಯಂತ ನಡೆಯತೊಡಗಿದವು. ಶಾಲೆಯ ಕಾಂಪೌಂಡು, ಶೌಚಾಲಯದ ನೀರು, ಬಸ್ಸಿನ ಸಮಯ, ಮಳೆಗಾಲದಲ್ಲಿ ಹಳ್ಳ ದಾಟಲು ಬೇಕಾದ ಕಾಲುಸಂಕ ಮುಂತಾದವು ಇಲ್ಲಿ ಪ್ರಸ್ತಾಪವಾಗುವ ವಿಷಯಗಳು.

ಅರಣ್ಯ ಹಕ್ಕು ಸಭೆ: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಗಳ ನಿರ್ಣಯವನ್ನು ಆರಂಭಿಸುವ ಅಧಿಕಾರ ಗ್ರಾಮ ಸಭೆಯದು. ಇಲ್ಲಿ ಪಂಚಾಯಿತಿ ಮಟ್ಟಕ್ಕಿಂತ ಚಿಕ್ಕ ಘಟಕವಾದ ಹಾಡಿ, ಪೋಡುಗಳ ಮಟ್ಟದಲ್ಲಿಯೂ ಸಭೆ ಸೇರಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯಕ್ಕೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕುಗಳು ಈ ಕಾಯ್ದೆಯಡಿ ದೊರೆತವು.

ಸಮಸ್ಯೆಗಳು

ಕೋರಂ ಕೊರತೆಯಿಂದ ಸಭೆ ಮುಂದೂಡಲ್ಪಡುವುದು ಸಾಮಾನ್ಯ ದೂರು. ಕೆಲಸದ ದಿನದ ಹಗಲಿನಲ್ಲಿ ಸಭೆ ಕರೆದರೆ ಕೂಲಿಕಾರರಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಸಭೆಯ ಸುದ್ದಿ ದೂರದ ಕೇರಿಗಳನ್ನು ಸಕಾಲದಲ್ಲಿ ತಲುಪದಿರುವುದು, ಇಲಾಖೆಗಳ ಅಧಿಕಾರಿಗಳ ಗೈರುಹಾಜರಿ, ಹಿಂದಿನ ಠರಾವುಗಳ ಬಗ್ಗೆ ಉತ್ತರ ಸಿಗದಿರುವುದು ಜನರ ನಿರಾಸಕ್ತಿಗೆ ಇತರ ಕಾರಣಗಳು. ಕೆಲವೆಡೆ ಸಭೆ ಸೇರದೆಯೇ ಮನೆಮನೆಗೆ ತೆರಳಿ ಸಹಿ ಪಡೆಯಲಾಗುತ್ತದೆ ಎಂಬ ಆಕ್ಷೇಪವೂ ಇದೆ. ಹೀಗಾದಾಗ ಕಾನೂನಿನ ರೂಪ ಉಳಿದರೂ ಎದುರೆದುರು ಚರ್ಚಿಸುವ ಅದರ ಉದ್ದೇಶ ಕಳೆದುಹೋಗುತ್ತದೆ.

ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದರೂ, ಸಭೆಯಲ್ಲಿ ಅವರ ಪರವಾಗಿ ಮನೆಯ ಗಂಡಸರು ಮಾತನಾಡುವ ರೂಢಿ ಕೆಲವೆಡೆ ಉಳಿದಿದೆ. ಮಹಿಳಾ ಗ್ರಾಮ ಸಭೆಯನ್ನು ಪ್ರತ್ಯೇಕವಾಗಿ ಕರೆಯುವುದು ಮತ್ತು ಸ್ವಸಹಾಯ ಸಂಘಗಳನ್ನು ಸಭೆಗೆ ಕರೆತರುವುದು ಇದಕ್ಕೆ ಕಂಡುಕೊಂಡ ಪರಿಹಾರಗಳು.

2016ರಲ್ಲಿ ಚುನಾಯಿತವಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ನಂತರ ಹಲವು ವರ್ಷ ಚುನಾವಣೆ ನಡೆಯದೆ, ಅಲ್ಲಿ ಆಡಳಿತಾಧಿಕಾರಿಗಳೇ ಮುಂದುವರಿದರು. ಮೇಲಿನ ಎರಡು ಹಂತಗಳಲ್ಲಿ ಜನಪ್ರತಿನಿಧಿಗಳಿಲ್ಲದ ಈ ಅವಧಿಯಲ್ಲಿ, ಊರಿನ ಬೇಡಿಕೆಯನ್ನು ಅಧಿಕೃತವಾಗಿ ದಾಖಲಿಸುವ ವೇದಿಕೆಯಾಗಿ ಗ್ರಾಮ ಸಭೆಯ ಮಹತ್ವ ಇನ್ನಷ್ಟು ಹೆಚ್ಚಿತು.

ಇವನ್ನೂ ನೋಡಿ

ಗ್ರಾಮ ಪಂಚಾಯಿತಿ
ಸಂವಿಧಾನದ 73ನೇ ತಿದ್ದುಪಡಿ
ಅಬ್ದುಲ್ ನಜೀರ್ ಸಾಬ್
ಮಾಹಿತಿ ಹಕ್ಕು ಅಧಿನಿಯಮ, 2005